ಜಕ್ಕೂರಿನ ಇಲಿಗಳು ಹೇಳಿದ್ದು, ಹೇಳದ್ದು

ಬೆಂಗಳೂರು

ಆತ್ಮೀಯ ಗೆಳತಿ,

ವಿಶಾಖಪಟ್ಟಣದಿಂದ ನೀವು ಬರೆದ ಪತ್ರ, ಜೊತೆಗಿಟ್ಟಿದ್ದ ರಿಪೋರ್ಟಿನ ಜೆರಾಕ್ಸ್ ಎರಡೂ ಕೈಸೇರಿದವು. ವಿಜಯವಾಡದಲ್ಲಿರುವ ನಿಮ್ಮ ತಂಗಿಯ ಮಗನಿಗೆ ನಾಲ್ಕು ವರ್ಷ. ಮಾತು ಇನ್ನೂ ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಒಂದು ಕಡೆ ನಿಲ್ಲುವುದಿಲ್ಲ. ಡಾಕ್ಟರು ಆಟಿಸಂ ಎಂದಿದ್ದಾರೆ. ರಕ್ತ ಪರೀಕ್ಷೆಯಲ್ಲಿ ಸಿನ್‌ಗ್ಯಾಪ್1 ಎಂಬ ಜೀನಿನಲ್ಲಿ ಮ್ಯುಟೇಶನ್ ಇದೆ ಎಂದು ಬಂದಿದೆ. ಅದೇ ಹೊತ್ತಿಗೆ ಯಾರೋ ವಾಟ್ಸಾಪಿನಲ್ಲಿ, ಬೆಂಗಳೂರಿನಲ್ಲಿ ಇದೇ ಜೀನ್ ಕೆಟ್ಟ ಇಲಿಗಳನ್ನು ಗುಣ ಮಾಡಿದ್ದಾರಂತೆ ಎಂಬ ಸುದ್ದಿಯನ್ನೂ ಕಳಿಸಿದ್ದಾರೆ.

ನೀವು ಮುಖ್ಯವಾಗಿ ಕೇಳಿದ್ದು ಎರಡು ಮಾತು. ಇದು ಯಾರಿಂದ ಬಂತು? ಇಲಿಗೆ ಕೊಟ್ಟ ಆ ಔಷಧ ನಮ್ಮ ಹುಡುಗನಿಗೆ ಯಾವಾಗ ಸಿಗುತ್ತದೆ? ಮೊದಲನೆಯದಕ್ಕೆ ನನ್ನ ಉತ್ತರ ಖಚಿತ. ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಅದರಲ್ಲಿ ಭರವಸೆ ಇಟ್ಟುಕೊಳ್ಳಬೇಕಾದ ಜಾಗವೂ ಇದೆ, ಇಟ್ಟುಕೊಳ್ಳಬಾರದ ಜಾಗವೂ ಇದೆ.

ತಂಗಿ ಸೋದರಮಾವನ ಮಗನನ್ನು ಮದುವೆಯಾದದ್ದೇ ಇದಕ್ಕೆಲ್ಲ ಮೂಲ ಎಂದು ಊರಿನಿಂದ ಬಂದ ಹಿರಿಯರು ಹೇಳಿಹೋದರು ಎಂದು ಬರೆದಿದ್ದೀರಿ. ಅತ್ತೆಯವರು ಗ್ರಹಣದ ದಿನ ಬಸುರಿ ಹೊರಗೆ ಓಡಾಡಿದ್ದನ್ನು ನೆನಪಿಸಿದರಂತೆ. ತಂಗಿಗಂತೂ ತಾನು ಮಗುವನ್ನು ಬಿಟ್ಟು ಬೇಗ ಕೆಲಸಕ್ಕೆ ಹೋಗಿದ್ದೇ ತಪ್ಪಾಯಿತು ಎಂಬ ಕೊರಗು. ಈ ಮೂರರಲ್ಲಿ ಒಂದೂ ನಿಜವಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನೀವು ಕಳಿಸಿದ ರಿಪೋರ್ಟನ್ನೇ ಓದಿ ಹೇಳುತ್ತಿದ್ದೇನೆ.

ನಮ್ಮೆಲ್ಲರ ಆರನೆಯ ವರ್ಣತಂತುವಿನಲ್ಲಿ ಈ ಸಿನ್‌ಗ್ಯಾಪ್1 ಜೀನ್ ಇರುತ್ತದೆ. ಅಮ್ಮನಿಂದ ಬಂದ ಪ್ರತಿ ಒಂದು, ಅಪ್ಪನಿಂದ ಬಂದದ್ದು ಇನ್ನೊಂದು. ಹುಡುಗನಲ್ಲಿ ಒಂದು ಪ್ರತಿ ಸರಿಯಾಗಿದೆ, ಇನ್ನೊಂದು ಮಧ್ಯದಲ್ಲೇ ತುಂಡಾಗಿದೆ. ರಿಪೋರ್ಟಿನ ಎರಡನೆಯ ಪುಟದ ಕೆಳಗೆ 'ಡಿ ನೋವೊ' ಎಂದಿದೆ ನೋಡಿ. ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ಪರೀಕ್ಷಿಸಿದ್ದಾರೆ, ಇಬ್ಬರಲ್ಲೂ ಈ ದೋಷ ಇಲ್ಲ, ಇದು ಈ ಮಗುವಿನಲ್ಲೇ ಹೊಸದಾಗಿ ಆದದ್ದು ಎಂದು ಅದರ ಅರ್ಥ. ಇಂಥ ಹೊಸ ಬದಲಾವಣೆಗಳು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಹುಟ್ಟುವ ಪ್ರತಿ ಮಗುವಿನಲ್ಲೂ ಸುಮಾರು 60-70 ಇರುತ್ತವೆ. 300 ಕೋಟಿ ಅಕ್ಷರಗಳನ್ನು ನಕಲು ಮಾಡುವಾಗ ಅಷ್ಟು ತಪ್ಪಾಗುವುದು ಸಹಜ. ಬಹುಪಾಲು ತಪ್ಪುಗಳು ಯಾವ ಕೆಲಸಕ್ಕೂ ಬಾರದ ಜಾಗದಲ್ಲಿ ಬಿದ್ದು ಯಾರಿಗೂ ತಿಳಿಯದೆ ಹೋಗುತ್ತವೆ. ಈ ಹುಡುಗನಲ್ಲಿ ಒಂದು ತಪ್ಪು ಮಿದುಳಿಗೆ ತೀರಾ ಬೇಕಾದ ಜೀನಿನ ನಡುವೆ ಬಿತ್ತು.

ರಕ್ತಸಂಬಂಧದ ಮದುವೆಯಿಂದ ಹೆಚ್ಚಾಗುವ ಕಾಯಿಲೆಗಳು ಬೇರೆ ಬಗೆಯವು. ಅವು ಬರಬೇಕಾದರೆ ಎರಡೂ ಪ್ರತಿ ಕೆಟ್ಟಿರಬೇಕು. ಒಂದೇ ಅಜ್ಜ-ಅಜ್ಜಿಯ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಹರಿದುಬಂದು ಮಗುವಿನಲ್ಲಿ ಕೂಡಿದಾಗ ಅವು ಕಾಣಿಸಿಕೊಳ್ಳುತ್ತವೆ. ಆ ಅಪಾಯ ನಿಜವೇ. ನಿಮ್ಮೂರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಮಾನವ ತಳಿಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ, ಕರಾವಳಿ ಆಂಧ್ರದ ಮೇನರಿಕದ, ಅಂದರೆ ಸೋದರಸಂಬಂಧದ ಮದುವೆಗಳನ್ನು ಅಲ್ಲಿನವರು ಅಧ್ಯಯನ ಮಾಡಿದ್ದಾರೆ. ಆದರೆ ಸಿನ್‌ಗ್ಯಾಪ್1 ಆ ಸಾಲಿಗೆ ಸೇರುವುದಿಲ್ಲ. ಇಲ್ಲಿ ಒಂದು ಪ್ರತಿ ಕೆಟ್ಟರೆ ಸಾಕು, ಅದೂ ಹೊಸದಾಗಿ ಕೆಟ್ಟದ್ದು. ನಿಮ್ಮ ತಂಗಿ ದೇಶದ ಇನ್ನೊಂದು ಮೂಲೆಯ, ಯಾವ ನಂಟೂ ಇಲ್ಲದ ಹುಡುಗನನ್ನು ಮದುವೆಯಾಗಿದ್ದರೂ ಇದು ಆಗಬಹುದಿತ್ತು. ಅದನ್ನು ಆ ಹಿರಿಯರಿಗೆ ನೀವೇ ಬಿಡಿಸಿ ಹೇಳಿ, ತಂಗಿಯ ಬಾಯಿಂದ ಹೇಳಿಸಬೇಡಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ, ಮತ್ತೆ ಹೀಗಾಗುವ ಸಂಭವ ನೂರಕ್ಕೆ ಒಂದರಷ್ಟು ಎಂದು ತಳಿ ಸಲಹೆಗಾರರು ಸಾಮಾನ್ಯವಾಗಿ ಹೇಳುತ್ತಾರೆ.

ತಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮ ಹಳ್ಳಿಗಳ ರೂಢಿ ಮಾತ್ರ ಅಲ್ಲ. ಅಮೆರಿಕದಲ್ಲಿ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕದ ಮುಂದಿಟ್ಟ ಮೇಲೆ, ಮುಂದಿನ ಎರಡು ಮೂರು ದಶಕ ಅಲ್ಲಿನ ದೊಡ್ಡ ದೊಡ್ಡ ಪಂಡಿತರೇ ಪ್ರೀತಿ ತೋರದ ತಾಯಂದಿರಿಂದ ಇದು ಬರುತ್ತದೆ ಎಂದು ಬರೆದರು. ಎಷ್ಟು ತಾಯಂದಿರು ಆ ಮಾತನ್ನು ನುಂಗಿಕೊಂಡು ಬದುಕಿದರೋ. 1977ರಲ್ಲಿ ಸುಸಾನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಆಟಿಸಂ ಇರುವ ಸಂಭವ ಹೆಚ್ಚು ಎಂದು ತೋರಿಸಿದ ಮೇಲೆ ಆ ವಾದ ಸಡಿಲವಾಯಿತು.

ಆ ವಾದವನ್ನು ನನ್ನ ಮನಸ್ಸಿನಿಂದ ಪೂರ್ತಿ ಕಿತ್ತುಹಾಕಿದ್ದು ಇಲಿಗಳು. ನೀವು ಇಲಿಗಳ ಬಗ್ಗೆ ಕೇಳಿದಾಗ ಔಷಧದ ಸುದ್ದಿಗಿಂತ ಮೊದಲು ನನಗೆ ನೆನಪಾದದ್ದು ಒಂದು ಸೂಲಿನ ಮರಿಗಳು. ಒಂದು ಪ್ರತಿ ಕೆಟ್ಟ ಇಲಿಗೂ ಎರಡೂ ಪ್ರತಿ ಸರಿಯಿರುವ ಇಲಿಗೂ ಜೋಡಿ ಮಾಡಿಸಿದರೆ ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಕೆಟ್ಟ ಪ್ರತಿ ಬರುತ್ತದೆ, ಇನ್ನರ್ಧಕ್ಕೆ ಬರುವುದಿಲ್ಲ. ಕಡಲೆಬೀಜದಷ್ಟಿರುವ, ಇನ್ನೂ ಕಣ್ಣು ಬಿಡದ ಗುಲಾಬಿ ಮರಿಗಳು ಒಂದೇ ಪಂಜರದಲ್ಲಿ, ಒಂದೇ ತಾಯಿಯ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುತ್ತವೆ. ತಾಯಿ ಯಾವುದನ್ನೂ ಬೇರೆ ಮಾಡುವುದಿಲ್ಲ, ಎಲ್ಲವನ್ನೂ ನೆಕ್ಕುತ್ತದೆ, ಗೂಡಿನಿಂದ ಹೊರಬಿದ್ದದ್ದನ್ನು ಬಾಯಲ್ಲಿ ಕಚ್ಚಿ ತರುತ್ತದೆ. ಕಿವಿಯ ಅಥವಾ ಬಾಲದ ತುದಿಯ ಚೂರೊಂದನ್ನು ಪರೀಕ್ಷಿಸಿದರೆ ಮಾತ್ರ ಯಾವ ಮರಿ ಯಾವುದು ಎಂದು ತಿಳಿಯುತ್ತದೆ. ನಡವಳಿಕೆ ಗುರುತಿಸುವವರಿಗೆ ಆ ಪಟ್ಟಿಯನ್ನು ಕೊಡುವುದೂ ಇಲ್ಲ, ಕಣ್ಣು ಪಕ್ಷಪಾತ ಮಾಡಬಾರದಲ್ಲ. ಆಮೇಲೆ ಪಟ್ಟಿ ತೆರೆದು ನೋಡಿದರೆ ವ್ಯತ್ಯಾಸ ಜೀನಿನ ಗೆರೆ ಹಿಡಿದೇ ನಿಂತಿರುತ್ತದೆ. ತಾಯಿ ಒಂದೇ, ಹಾಲು ಒಂದೇ, ಪಂಜರ ಒಂದೇ. ನಿಮ್ಮ ತಂಗಿಗೆ ಬೇರೇನು ಹೇಳದಿದ್ದರೂ ಇದನ್ನು ಹೇಳಿ.

ಇನ್ನು ಬೆಂಗಳೂರಿನ ಸುದ್ದಿಗೆ ಬರುತ್ತೇನೆ. ಅದು ಸುಳ್ಳು ಸುದ್ದಿಯಲ್ಲ. ನಗರದ ಉತ್ತರಕ್ಕೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ನರವಿಜ್ಞಾನ ವಿಭಾಗದ ಜೇಮ್ಸ್ ಕ್ಲೆಮೆಂಟ್ ಸಿನ್‌ಗ್ಯಾಪ್1ನ ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅಮೆರಿಕದ ಫ್ಲಾರಿಡಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿದ್ದಾಗ, 2012ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ, ಈ ವಿಷಯದಲ್ಲಿ ಇಂದಿಗೂ ಎಲ್ಲರೂ ಉಲ್ಲೇಖಿಸುವ ಸಂಶೋಧನೆಯ ಮೊದಲ ಲೇಖಕ ಅವರೇ. ಅದರಲ್ಲಿ ಕಂಡದ್ದೇನು ಎಂದು ಮೊದಲು ತಿಳಿಯಬೇಕು.

ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನರಕೋಶದ ಕೊಂಬೆಯ ಮೇಲೆ ಸಣ್ಣ ಸಣ್ಣ ಮುಳ್ಳುಗಳಂತೆ ಉಬ್ಬಿದ ಮೊಗ್ಗುಗಳು ಕಾಣುತ್ತವೆ. ಬಹಳಷ್ಟು ಸಿನಾಪ್ಸ್‌ಗಳು ಅವುಗಳ ತುದಿಯಲ್ಲಿರುತ್ತವೆ. ಮರಿ ಇಲಿಯಲ್ಲಿ ಆ ಮುಳ್ಳುಗಳು ತೆಳ್ಳಗೆ, ಚಂಚಲವಾಗಿ ಇರುತ್ತವೆ. ಕಲಿಯುತ್ತಾ ಹೋದಂತೆ ಕೆಲವು ದಪ್ಪವಾಗಿ ಅಣಬೆಯ ಆಕಾರಕ್ಕೆ ಬಂದು ಗಟ್ಟಿಯಾಗುತ್ತವೆ. ಸಿನ್‌ಗ್ಯಾಪ್ ಎಂಬ ಪ್ರೋಟೀನಿನ ಕೆಲಸ ಈ ಗಟ್ಟಿಯಾಗುವಿಕೆಗೆ ಕಡಿವಾಣ ಹಾಕುವುದು. ಒಂದು ಪ್ರತಿ ಕೆಟ್ಟಾಗ ಪ್ರೋಟೀನು ಅರ್ಧಕ್ಕಿಳಿಯುತ್ತದೆ, ಕಡಿವಾಣ ಸಡಿಲವಾಗುತ್ತದೆ. ಇಲಿಮರಿ ಕಣ್ಣು ಬಿಡುವ ಸುಮಾರಿಗೆ, ಹುಟ್ಟಿ ಎರಡು ವಾರವಾಗುವ ಹೊತ್ತಿಗೇ, ಅದರ ಸಿನಾಪ್ಸ್‌ಗಳು ದೊಡ್ಡ ಇಲಿಯವುಗಳಂತೆ ಬಲಿತುಬಿಟ್ಟಿರುತ್ತವೆ. ವಿಜಯವಾಡದ ಪಕ್ಕದ ನುನ್ನದ ಮಾವಿನ ಮಾರುಕಟ್ಟೆಗೆ ಬೇಸಿಗೆಯಲ್ಲಿ ಹೋದವರಿಗೆ ಗೊತ್ತಿರುತ್ತದೆ, ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಕಾಯಿ ಹೊರಗೆ ಹಳದಿಯಾಗಿ ಹೊಳೆಯುತ್ತದೆ, ಒಳಗೆ ರಸ ಕೂಡಿರುವುದಿಲ್ಲ. ಈ ಸಿನಾಪ್ಸ್‌ಗಳೂ ಹಾಗೆ, ಕಾಲಕ್ಕೆ ಮುಂಚೆ ಬಲಿತಂಥವು. ಹೊರಗಿನ ಲೋಕದಿಂದ ಕಲಿತು ತಿದ್ದಿಕೊಳ್ಳಬೇಕಾದ ದಿನಗಳು ಅವುಗಳಿಗೆ ಮೊಟಕಾಗುತ್ತವೆ. 2020ರಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯರ ನರಕೋಶಗಳಲ್ಲೂ ಇದೇ ಅವಸರ ಕಂಡಿತು. ಇಲಿಯಿಂದ ಕಲಿತದ್ದು ಮನುಷ್ಯನಿಗೆ ತೀರಾ ದೂರದ್ದಲ್ಲ ಎನ್ನಲು ಅದೊಂದು ಆಧಾರ.

ಮಕ್ಕಳಲ್ಲಿ ಈ ಜೀನಿನ ದೋಷವನ್ನು ಮೊದಲು ಗುರುತಿಸಿದ್ದು 2009ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಬುದ್ಧಿಬೆಳವಣಿಗೆ ಕುಂಠಿತವಾದ 94 ಜನರನ್ನು ಪರೀಕ್ಷಿಸಿದಾಗ ಮೂವರಲ್ಲಿ ಇದು ಸಿಕ್ಕಿತು. ಮೂವರಲ್ಲೂ ಡಿ ನೋವೊ. ಅಂದರೆ ನಿಮ್ಮ ತಂಗಿ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಯಾವ ಡಾಕ್ಟರಿಗೂ ಈ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಆಮೇಲೆ 35 ಸಾವಿರಕ್ಕೂ ಹೆಚ್ಚು ಜನರ ಜೀನುಗಳನ್ನು ಓದಿ 2020ರಲ್ಲಿ ಹೊರಬಂದ ಅಧ್ಯಯನವೊಂದು ಆಟಿಸಂಗೆ ಸಂಬಂಧಪಟ್ಟ 102 ಜೀನುಗಳನ್ನು ಪಟ್ಟಿ ಮಾಡಿದೆ, ಸಿನ್‌ಗ್ಯಾಪ್1 ಅದರಲ್ಲಿದೆ. ಆಟಿಸಂ ಇರುವ ಬಹುಪಾಲು ಮಕ್ಕಳಲ್ಲಿ ಹೀಗೆ ಒಂದೇ ಜೀನಿನತ್ತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ, ಅದನ್ನೂ ನೆನಪಿಡಿ. ನಿಮ್ಮ ಹುಡುಗನ ರಿಪೋರ್ಟಿನಿಂದ ಪಕ್ಕದ ಮನೆಯ ಹುಡುಗನ ಬಗ್ಗೆ ಏನೂ ಹೇಳಲಾಗದು.

ಇಲಿಗೆ ಆಟಿಸಂ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುವುದಿಲ್ಲ. ಒಳ್ಳೆಯ ವಿಜ್ಞಾನಿಗಳು ಎಚ್ಚರದಿಂದ 'ಆಟಿಸಂನಂಥ ನಡವಳಿಕೆ' ಎಂದು ಬರೆಯುತ್ತಾರೆ. ಅದನ್ನು ಅಳೆಯುವ ಬಗೆ ಹೇಳುತ್ತೇನೆ. ಮೂರು ಕೋಣೆಗಳ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ನಡುವಿನ ಕೋಣೆಯಲ್ಲಿ ಇಲಿಯನ್ನು ಬಿಡುತ್ತಾರೆ. ಒಂದು ಪಕ್ಕದ ಕೋಣೆಯಲ್ಲಿ ತಂತಿಯ ಬುಟ್ಟಿಯೊಳಗೆ ಒಂದು ಅಪರಿಚಿತ ಇಲಿ, ಇನ್ನೊಂದು ಪಕ್ಕದಲ್ಲಿ ಬರೀ ಖಾಲಿ ಬುಟ್ಟಿ. ಸಾಮಾನ್ಯ ಇಲಿ ಬಾಗಿಲು ತೆರೆದ ಕೂಡಲೇ ಹೊಸ ಇಲಿಯ ಹತ್ತಿರ ಓಡಿ, ಮೂಗು ತಂತಿಗೆ ಒತ್ತಿ, ಮೀಸೆ ಅಲುಗಿಸುತ್ತಾ ಮೂಸುತ್ತಲೇ ಇರುತ್ತದೆ. ಇಂಥ ಜೀನ್ ದೋಷದ ಕೆಲವು ಇಲಿಗಳು ಖಾಲಿ ಬುಟ್ಟಿಯ ಬಳಿಯೂ ಅಷ್ಟೇ ಹೊತ್ತು ಕಳೆಯುತ್ತವೆ. ಮೇಲಿನ ಕ್ಯಾಮೆರಾ ಹತ್ತು ನಿಮಿಷ ನೋಡಿ ಸೆಕೆಂಡುಗಳ ಲೆಕ್ಕ ಕೊಡುತ್ತದೆ. ಮೈಯನ್ನು ಎಷ್ಟು ಹೊತ್ತು ಉಜ್ಜಿಕೊಳ್ಳುತ್ತದೆ, ಗೋಲಿಗಳನ್ನು ಎಷ್ಟು ಹೂಳುತ್ತದೆ, ತಾಯಿಯಿಂದ ಬೇರೆ ಮಾಡಿದ ಮರಿ ನಮ್ಮ ಕಿವಿಗೆ ಕೇಳದ ಸ್ವರದಲ್ಲಿ ಎಷ್ಟು ಸಲ ಕೂಗುತ್ತದೆ ಎಂದೂ ಎಣಿಸುತ್ತಾರೆ. ಸಿನ್‌ಗ್ಯಾಪ್1ನ ಇಲಿಗಳಲ್ಲಿ ಎಲ್ಲಕ್ಕಿಂತ ಎದ್ದು ಕಾಣುವುದು ತಡೆಯಿಲ್ಲದ ಓಡಾಟ, ನೆನಪಿನ ತೊಂದರೆ, ಫಿಟ್ಸ್ ಬರುವ ಪ್ರವೃತ್ತಿ. ನಿಮ್ಮ ಪತ್ರದಲ್ಲಿ 'ಒಂದು ಕ್ಷಣ ಕೂರುವುದಿಲ್ಲ' ಎಂಬ ಸಾಲು ಓದಿದಾಗ ನನಗೆ ಆ ಇಲಿಗಳು ನೆನಪಾದವು. ಆದರೆ ಅಮ್ಮನ ಕೊರಳಿಗೆ ಮುಖ ಹುದುಗಿಸುವ ನಿಮ್ಮ ಹುಡುಗನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಯಾವ ಮೂರು ಕೋಣೆಯ ಪೆಟ್ಟಿಗೆಯೂ ಅಳೆಯಲಾರದು.

ಈಗ 'ಗುಣ'ದ ಮಾತು. 2007ರಲ್ಲಿ ಎಡಿನ್‌ಬರೊದ ಏಡ್ರಿಯನ್ ಬರ್ಡ್ ಅವರ ತಂಡ ರೆಟ್ ಸಿಂಡ್ರೋಮ್ ಎಂಬ ಇನ್ನೊಂದು ಸ್ಥಿತಿಯ ಇಲಿಗಳಲ್ಲಿ, ಅವು ಬೆಳೆದು ರೋಗಲಕ್ಷಣ ತೋರಿದ ಮೇಲೆ ಜೀನನ್ನು ಮತ್ತೆ ಚಾಲೂ ಮಾಡಿತು. ನಡುಗುತ್ತಿದ್ದ, ಉಸಿರಿಗೆ ಒದ್ದಾಡುತ್ತಿದ್ದ ಇಲಿಗಳು ಚೇತರಿಸಿಕೊಂಡವು. ಇಂಥ ಮಿದುಳು ಒಮ್ಮೆ ಕೆಟ್ಟರೆ ಕೆಟ್ಟಿತು ಎಂದು ಅಲ್ಲಿಯವರೆಗೆ ನಂಬಿದ್ದರು, ಆ ನಂಬಿಕೆ ಅಲುಗಿತು. ಅದೇ ವರ್ಷ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಸ್ಥಿತಿಯ ಇಲಿಗಳಲ್ಲೂ ಸುಧಾರಣೆ ಕಂಡಿತು. ಅಮೆರಿಕದ ಎಂಐಟಿಯ ಸುಸುಮು ತೊನೆಗಾವಾ ಅವರ ಜೊತೆ ಆ ಕೆಲಸದಲ್ಲಿ ಕೈಜೋಡಿಸಿದ್ದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ಸುಮಂತ್ರ ಚಟರ್ಜಿ.

ಸಿನ್‌ಗ್ಯಾಪ್1ನ ಕಥೆ ಅಷ್ಟು ಸರಾಗವಾಗಿರಲಿಲ್ಲ. 2012ರ ಆ ಸಂಶೋಧನೆಯಲ್ಲಿ, ಬೆಳೆದ ಇಲಿಯಲ್ಲಿ ಜೀನನ್ನು ಸರಿಪಡಿಸಿದರೂ ನಡವಳಿಕೆ, ಕಲಿಕೆ ಸುಧಾರಿಸಲಿಲ್ಲ. ಕಿಟಕಿ ಮುಚ್ಚಿಹೋಯಿತು ಎಂದೇ ಎಲ್ಲರೂ ಭಾವಿಸಿದರು. 2019ರಲ್ಲಿ ಅದೇ ಸ್ಕ್ರಿಪ್ಸ್‌ನ ಗ್ಯಾವಿನ್ ರಂಬಾ ಅವರ ತಂಡ ಬೇರೆ ಅಳತೆಗೋಲು ಹಿಡಿದು ನೋಡಿತು. ಬೆಳೆದ ಮೇಲೆ ಪ್ರೋಟೀನು ಮರಳಿ ಬಂದರೂ ದೀರ್ಘಕಾಲದ ನೆನಪು ಸುಧಾರಿಸುತ್ತದೆ, ಮಿದುಳಿನ ಅಸಹಜ ವಿದ್ಯುತ್ ಚಟುವಟಿಕೆ ತಗ್ಗುತ್ತದೆ ಎಂದು ತಿಳಿಯಿತು. ಕೆಲವು ಬಾಗಿಲು ಬೇಗ ಮುಚ್ಚುತ್ತವೆ, ಕೆಲವು ತೆರೆದೇ ಇರುತ್ತವೆ. ಈ ಒಂದು ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು ಎನಿಸುತ್ತದೆ. 'ಐದು ವರ್ಷದೊಳಗೆ ಆಗದಿದ್ದರೆ ಮುಗಿಯಿತು' ಎಂದು ನಿಮ್ಮ ತಂಗಿಯನ್ನು ಯಾರೋ ಹೆದರಿಸಿದ್ದಾರೆ ಎಂದಿರಲ್ಲ, ಇಲಿಗಳೂ ಹಾಗೆ ಹೇಳಿಲ್ಲ. ಇಲಿಯ ಬಾಲ್ಯ ಮೂರು ವಾರ. ಮನುಷ್ಯನ ಮಿದುಳಿನ ಮುಂಭಾಗದಲ್ಲಿ ಸಿನಾಪ್ಸ್‌ಗಳ ತಿದ್ದುಪಡಿ ಇಪ್ಪತ್ತು ದಾಟಿದ ಮೇಲೂ ನಡೆಯುತ್ತಿರುತ್ತದೆ.

ನಿಮಗೆ ಬಂದ ವಾಟ್ಸಾಪ್ ಸುದ್ದಿಯ ಮೂಲ ಜಕ್ಕೂರಿನ ತಂಡ ಪ್ರಕಟಿಸಿದ ಒಂದು ಲೇಖನ. ಅದರ ವಿಷಯ 6-ಬಯೊ ಎಂಬ ಒಂದು ಸಣ್ಣ ಅಣು, ಜಿಎಸ್‌ಕೆ-3 ಬೀಟಾ ಎಂಬ ಕಿಣ್ವವನ್ನು ತಡೆಯುವಂಥದ್ದು. ಅದೇ ಕೇಂದ್ರದ ರವಿ ಮಂಜಿತಾಯ ಅವರ ಪ್ರಯೋಗಾಲಯ ಇದನ್ನು ಮೊದಲು ಪಾರ್ಕಿನ್‌ಸನ್ ಕಾಯಿಲೆಯ ಇಲಿಗಳಲ್ಲಿ ಪ್ರಯೋಗಿಸಿತ್ತು. ಕ್ಲೆಮೆಂಟ್ ಅವರ ತಂಡ ಅದನ್ನು ಹರೆಯಕ್ಕೆ ಕಾಲಿಡುತ್ತಿದ್ದ ಸಿನ್‌ಗ್ಯಾಪ್1ನ ಇಲಿಗಳಿಗೆ ಕೊಟ್ಟಾಗ ಸಿನಾಪ್ಸ್‌ಗಳ ಕೆಲಸವೂ ನಡವಳಿಕೆಯೂ ಸುಧಾರಿಸಿದವು. ಮರಿಯಾಗಿದ್ದ ಕಾಲ ದಾಟಿದ ಮೇಲೂ ಹೀಗಾಯಿತು ಎಂಬುದೇ ಅದರ ಹೆಚ್ಚುಗಾರಿಕೆ. ನನಗೂ ಓದಿ ಸಂತೋಷವಾಯಿತು. ಆದರೆ 6-ಬಯೊ ಅಂಗಡಿಯಲ್ಲಿ ಸಿಗುವ ಔಷಧವಲ್ಲ, ಯಾವ ಮಗುವಿಗೂ ಕೊಡುವಂಥದ್ದಲ್ಲ. ಯಾರಾದರೂ ತರಿಸಿಕೊಡುತ್ತೇವೆ ಎಂದರೆ ದಯವಿಟ್ಟು ನಂಬಬೇಡಿ.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಫ್ರಜೈಲ್ ಎಕ್ಸ್‌ನ ಇಲಿ 1994ರಿಂದಲೂ ಇದೆ. ಎಂಜಿಎಲ್‌ಯುಆರ್5 ಎಂಬ ಗ್ರಾಹಕವನ್ನು ಅಡ್ಡಗಟ್ಟಿದರೆ ಆ ಇಲಿಗಳು ಸುಧಾರಿಸುತ್ತವೆ ಎಂದು ಹಲವು ಪ್ರಯೋಗಾಲಯಗಳು ತೋರಿಸಿದ್ದವು. ಅಷ್ಟು ಬಲವಾದ ಪುರಾವೆ ಇಟ್ಟುಕೊಂಡು ನೋವಾರ್ಟಿಸ್ ಕಂಪನಿ ಮಾವೊಗ್ಲುರಂಟ್ ಎಂಬ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಿತು. ಫಲ ಕಾಣಲಿಲ್ಲ, 2014ರಲ್ಲಿ ಆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ರೋಷ್ ಕಂಪನಿಯ ಪ್ರಯತ್ನಕ್ಕೂ ಅದೇ ಗತಿಯಾಯಿತು. ಪ್ರಯೋಗಕ್ಕೆ ಸೇರಿದ ಮಕ್ಕಳ ಮನೆಯವರು ಎಷ್ಟು ಆಸೆ ಕಟ್ಟಿಕೊಂಡಿದ್ದಿರಬೇಕು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ಆಹಾರ ತಿನ್ನುವ ಇಲಿಗಳಲ್ಲಿ ಕಂಡದ್ದು, ಬೇರೆ ಬೇರೆ ಮನೆ, ಬೇರೆ ಬೇರೆ ಜೀನುಗಳ ಮಕ್ಕಳಲ್ಲಿ ಕಾಣಬೇಕೆಂದೇನೂ ಇಲ್ಲ. ಮಾತಿನ ಸುಧಾರಣೆಯನ್ನಂತೂ ಇಲಿಯಲ್ಲಿ ಅಳೆಯುವುದಾದರೂ ಹೇಗೆ?

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಎಂಐಟಿಯಲ್ಲಿ ಮೃಗಾಂಕ ಸೂರ್ ಮತ್ತು ಸಂಗಡಿಗರು 2009ರಲ್ಲಿ ರೆಟ್ ಇಲಿಗಳಿಗೆ ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಮೂರು ಅಮೈನೊ ಆಮ್ಲಗಳ ತುಣುಕೊಂದನ್ನು ಕೊಟ್ಟು ಲಕ್ಷಣಗಳು ತಗ್ಗಿದ್ದನ್ನು ಕಂಡರು. ಅದಕ್ಕೆ ಹತ್ತಿರದ ಟ್ರೊಫಿನೆಟೈಡ್ ಎಂಬ ಔಷಧಕ್ಕೆ 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಯೋಜನ ಮಿತವಾದದ್ದು, ಭೇದಿಯ ಕಾಟ ಹೆಚ್ಚು. ಆದರೂ ಇಲಿಯಿಂದ ಮಗುವಿನವರೆಗೆ ಬಂದು ತಲುಪಿದ ಔಷಧ ಅದು. ಬರಲು ಹದಿನಾಲ್ಕು ವರ್ಷ ಹಿಡಿಯಿತು. ನಾಲ್ಕು ವರ್ಷದ ಹುಡುಗನನ್ನು ಮುಂದಿಟ್ಟುಕೊಂಡು ಯಾವ ಔಷಧಕ್ಕೂ ಹಾಗೆ ಕಾಯುತ್ತಾ ಕೂರಲಾಗದು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಪ್ರಯೋಗ ಬೇರೆಯೇ ಇದೆ. ಲೊವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಫ್ರಜೈಲ್ ಎಕ್ಸ್‌ನ ದೊಡ್ಡ ಜಾತಿಯ ಇಲಿಗಳಲ್ಲಿ ಕೆಲಸ ಮಾಡಿತ್ತು. ಎಳೆವಯಸ್ಸಿನಲ್ಲಿ ಐದು ವಾರ ಕೊಟ್ಟು ನಿಲ್ಲಿಸಿದರೂ ಕಲಿಕೆಯ ಸುಧಾರಣೆ ತಿಂಗಳುಗಟ್ಟಲೆ ಉಳಿಯಿತು ಎಂದು ಎಡಿನ್‌ಬರೊದವರು 2019ರಲ್ಲಿ ಪ್ರಕಟಿಸಿದರು. ಅದೇ ಮಾತ್ರೆಯನ್ನು ಅಮೆರಿಕದಲ್ಲಿ ಫ್ರಜೈಲ್ ಎಕ್ಸ್ ಇರುವ ಮಕ್ಕಳಿಗೂ ಕೊಟ್ಟು ನೋಡಿದರು, 2020ರಲ್ಲಿ ಫಲಿತಾಂಶ ಬಂತು. ಅರ್ಧದಷ್ಟು ಮಕ್ಕಳಿಗೆ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಜೊತೆಗೆ ಎರಡೂ ಗುಂಪಿನ ಪೋಷಕರಿಗೆ, ಮಗುವಿನ ಜೊತೆ ಕತೆ ಹೇಳುತ್ತಾ ಮಾತು ಬೆಳೆಸುವುದು ಹೇಗೆ ಎಂದು ವಿಡಿಯೊ ಕರೆಯ ಮೂಲಕ ತರಬೇತಿ. ಕೊನೆಗೆ ಮಾತ್ರೆಗೂ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನ ಮಕ್ಕಳ ಮಾತು ಮಾತ್ರ ಸುಧಾರಿಸಿತ್ತು. ಅದು ಚಿಕ್ಕ ಪ್ರಯೋಗ, ಆ ಮಕ್ಕಳು ಹತ್ತು ದಾಟಿದವರು, ಅವರ ಜೀನೂ ಬೇರೆ. ಇವೆಲ್ಲವನ್ನೂ ಒಪ್ಪುತ್ತೇನೆ. ಆದರೂ ಔಷಧದ ಪರೀಕ್ಷೆಯೊಂದರಲ್ಲಿ ಔಷಧ ಸೋತು, ಮನೆಯವರು ಕೂತು ಹೇಳಿದ ಕತೆಯ ಜೊತೆಗೆ ಮಕ್ಕಳ ಮಾತು ಬೆಳೆಯಿತು ಎಂಬುದನ್ನು ನಿಮ್ಮ ತಂಗಿ ತಿಳಿದಿರಬೇಕು ಎಂದು ನನ್ನ ಆಸೆ.

ಇನ್ನು ಈ ತಿಂಗಳೇ ಮಾಡಬೇಕಾದದ್ದು. ಸಿನ್‌ಗ್ಯಾಪ್1 ದೋಷ ಇರುವ ಮಕ್ಕಳಲ್ಲಿ ಆಟಿಸಂ ಕಾಣುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ, ಫಿಟ್ಸ್ ಅದಕ್ಕಿಂತ ಬಹಳ ಹೆಚ್ಚು. 2019ರಲ್ಲಿ 57 ಜನರನ್ನು ನೋಡಿದ ಒಂದು ವರದಿಯಲ್ಲಿ 56 ಮಂದಿಗೆ ಅಪಸ್ಮಾರವಿತ್ತು. ಈ ಫಿಟ್ಸ್ ನೆಲಕ್ಕೆ ಬಿದ್ದು ಒದ್ದಾಡುವಂಥದ್ದೇ ಆಗಬೇಕಿಲ್ಲ. ಕಣ್ಣಿನ ರೆಪ್ಪೆ ಪಟಪಟ ಬಡಿದು, ಕಣ್ಣುಗುಡ್ಡೆ ಮೇಲೆ ಹೋಗಿ, ಒಂದೆರಡು ಕ್ಷಣ ಮಗು ಎಲ್ಲೋ ಕಳೆದುಹೋದಂತಾಗುತ್ತದೆ. ಕೆಲವರಿಗೆ ಊಟ ಅಗಿಯುವಾಗಲೇ ಹೀಗಾಗುತ್ತದೆ. 'ಅನ್ನ ತಿನ್ನಿಸುವಾಗ ತುತ್ತು ಬಾಯಲ್ಲೇ ಇಟ್ಟುಕೊಂಡು ಮೇಲೆ ನೋಡುತ್ತಾನೆ, ಹಟ ಮಾಡುತ್ತಾನೆ' ಎಂದು ನೀವು ಬರೆದ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಅದು ಹಟ ಅಲ್ಲದಿರಬಹುದು. ತಂಗಿಗೆ ಹೇಳಿ, ಊಟದ ಹೊತ್ತಿನಲ್ಲಿ ಮುಖ ಸರಿಯಾಗಿ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಲಿ. ಮಕ್ಕಳ ನರರೋಗ ತಜ್ಞರಿಗೆ ಅದನ್ನೂ ಜೀನ್ ರಿಪೋರ್ಟನ್ನೂ ಒಟ್ಟಿಗೆ ತೋರಿಸಿ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಬಗ್ಗೆ ಕೇಳಲಿ. ಈ ಮಕ್ಕಳಿಗೆ ನೋವು ಕಡಿಮೆ ತಿಳಿಯುವುದುಂಟು, ಬಿಸಿ ಪಾತ್ರೆ, ಗಾಯಗಳ ಮೇಲೆ ಗಮನವಿರಲಿ. ನಿದ್ದೆಯ ತೊಂದರೆಯನ್ನೂ ಡಾಕ್ಟರಿಗೆ ಹೇಳಲು ಸಂಕೋಚ ಬೇಡ.

ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ ನಿಲ್ಲಿಸಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ತೆರೆದಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರವನ್ನು, ಜನ ಡಿಇಐಸಿ ಎನ್ನುವುದನ್ನು, ವಿಜಯವಾಡದಲ್ಲಿ ವಿಚಾರಿಸಿ. ಶಾಲೆಗೆ ಸೇರಿಸುವ ವಯಸ್ಸಾದಾಗ ವಿಶೇಷ ಅಗತ್ಯದ ಮಕ್ಕಳಿಗೆಂದಿರುವ ಆಂಧ್ರದ ಭವಿತ ಕೇಂದ್ರಗಳನ್ನು ನೋಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆದ್ದರಿಂದ ಪ್ರಮಾಣಪತ್ರ ಮಾಡಿಸಿಟ್ಟರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೂ ದಾರಿಯಾಗುತ್ತದೆ. ತಳಿ ಸಲಹೆ ಬೇಕಾದರೆ ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಎಂಬ ಕೇಂದ್ರ ಇದೆ. ಬೆಂಗಳೂರಿಗೇ ಕರೆತರುವುದಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇದೆ, ಉಳಿಯಲು ನಮ್ಮ ಮನೆ ಇದೆ.

ಇನ್ನೊಂದು ಮಾತು ಮರೆಯುತ್ತಿದ್ದೆ. ಹೊರಗೆ ತೆಲುಗು, ಮನೆಯಲ್ಲಿ ಕನ್ನಡ, ಇದರಿಂದಲೇ ಹುಡುಗ ಗೊಂದಲಗೊಂಡಿದ್ದಾನೆ, ಕನ್ನಡ ಬಿಟ್ಟುಬಿಡಿ ಎಂದು ಥೆರಪಿಯ ಕಡೆಯವರು ಹೇಳಿದರಂತೆ. ಬಿಡುವ ಅಗತ್ಯವಿಲ್ಲ. ಎರಡು ಭಾಷೆಯ ಮನೆಗಳ ಆಟಿಸಂ ಮಕ್ಕಳನ್ನು ಒಂದೇ ಭಾಷೆಯ ಮನೆಯವರೊಂದಿಗೆ ಹೋಲಿಸಿ ಕೆನಡಾದಲ್ಲಿ ಅಧ್ಯಯನಗಳು ನಡೆದಿವೆ, ಎರಡು ಭಾಷೆಯಿಂದ ಮಾತು ಹೆಚ್ಚು ಹಿಂದೆ ಬಿದ್ದದ್ದು ಕಾಣಲಿಲ್ಲ. ಥೆರಪಿಸ್ಟ್ ತೆಲುಗಿನಲ್ಲೇ ಕಲಿಸಲಿ. ಆದರೆ ಮಗುವನ್ನು ಮುದ್ದಿಸುವಾಗ, ರೇಗುವಾಗ, ಕತೆ ಹೇಳುವಾಗ ನಿಮ್ಮ ತಂಗಿಗೆ ತಡವರಿಸದೆ ಬರುವುದು ಕನ್ನಡ. ಆ ಮಾತು ಅವನ ಕಿವಿಗೆ ಬೀಳಬೇಕು.

ಫ್ರಜೈಲ್ ಎಕ್ಸ್ ಪ್ರಯೋಗದ ಪೋಷಕರಿಗೆ ಕೊಟ್ಟ ಥರದ ಕತೆಯ ತರಬೇತಿಗೆ ಅಕ್ಷರವಿಲ್ಲದ, ಬರೀ ಚಿತ್ರಗಳ ಪುಸ್ತಕ ಅನುಕೂಲ. ಓದುವ ಗೊಡವೆ ಇಲ್ಲ, ಹುಡುಗ ಯಾವ ಚಿತ್ರದ ಮೇಲೆ ಕೈಯಿಡುತ್ತಾನೋ ಅದರ ಬಗ್ಗೆಯೇ ಒಂದು ಚಿಕ್ಕ ವಾಕ್ಯ ಹೇಳಿ, ಅವನ ಸರದಿಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟು, ಅವನು ಏನು ಸದ್ದು ಮಾಡಿದರೂ ಅದನ್ನು ಉತ್ತರ ಎಂದೇ ತೆಗೆದುಕೊಂಡು ಮುಂದಕ್ಕೆ ಹೋಗುವುದು. ಇಲ್ಲಿ ಅಂಥ ಕೆಲವು ಪುಸ್ತಕ ಎತ್ತಿಟ್ಟಿದ್ದೇನೆ. ತಂಗಿಯ ವಿಜಯವಾಡದ ವಿಳಾಸ, ಪಿನ್‌ಕೋಡ್ ಸಹಿತ ಕಳಿಸಿ; ಮುಂದಿನ ವಾರ ಕೊರಿಯರ್ ಮಾಡುತ್ತೇನೆ. ಇಇಜಿ ಆದ ಮೇಲೆ ಡಾಕ್ಟರು ಏನಂದರು ಎಂದು ಒಂದು ಸಾಲು ಬರೆಯಿರಿ.

ಇಂತಿ
ನಿಮ್ಮ ಗೆಳತಿ